ಟ್ರೇಲರ್ ಎಳೆಯುವ ಕಾರು ಯಾರಿಗಾಗಿ?

ಗ್ಲೈಡರ್ ಅಂದರೆ ಎಂಜಿನ್ ಇಲ್ಲದೆ ಹಾರುವ ವಿಮಾನ. ಅದನ್ನು ಕಳಚಿ ಒಯ್ಯುವ ಟ್ರೇಲರ್ ಎಳೆಯಲು ಯಾವ ಕಾರು ಕೊಳ್ಳಲಿ ಎಂದು ಹಾರುವವರ ಕ್ಲಬ್ಬಿನಲ್ಲಿ ಯಾರನ್ನೇ ಕೇಳಿ, ಮಾತು ಮೊದಲು ಹೋಗುವುದು ಎಂಜಿನ್ನಿನ ಕಡೆಗೆ. ಎಷ್ಟು ಲೀಟರಿನದು, ಡೀಸೆಲ್ಲೋ ಪೆಟ್ರೋಲೋ, ಏರಿನಲ್ಲಿ ಉಸಿರು ಹಿಡಿಯುತ್ತದೋ ಬಿಡುತ್ತದೋ. ಹಳೆಯ ಕಾರನ್ನು ಬದಲಾಯಿಸುವ ಕಾಲ ಬಂದಾಗ ನಾನೂ ಇದೇ ಪಟ್ಟಿ ಹಿಡಿದು ಕೂತಿದ್ದೆ. ಪಟ್ಟಿ ಉದ್ದವಾದಷ್ಟೂ ಬೇರೊಂದು ಪ್ರಶ್ನೆಯೇ ಎಲ್ಲಕ್ಕಿಂತ ದೊಡ್ಡದು ಅನಿಸತೊಡಗಿತು: ಆ ಕಾರನ್ನು ಓಡಿಸುವವರು ಯಾರು?

ಹಾರುವವಳು ನಾನು. ದಕ್ಷಿಣ ಇಂಗ್ಲೆಂಡಿನ ಹ್ಯಾಂಪ್‌ಶೈರ್‌ನಲ್ಲಿ ನಮ್ಮ ವಾಸ. ಇನ್ನಿಬ್ಬರ ಜೊತೆ ಪಾಲು ಹಾಕಿ ಕೊಂಡ ಒಂದು ಎಲ್‌ಎಸ್4 ಗ್ಲೈಡರ್ ನಮ್ಮದು. 1980ರಲ್ಲಿ ಮೊದಲು ಹಾರಿದ ಜರ್ಮನ್ ವಿನ್ಯಾಸ ಅದು. ಒಬ್ಬರೇ ಕೂರುವಂಥದ್ದು, 15 ಮೀಟರ್ ರೆಕ್ಕೆ, ಎಂಜಿನ್ ಇಲ್ಲ. ಒಂದು ಕಿ.ಮೀ. ಎತ್ತರದಿಂದ ನಿಶ್ಚಲ ಗಾಳಿಯಲ್ಲಿ ಸುಮಾರು 40 ಕಿ.ಮೀ. ಜಾರಿಕೊಂಡು ಹೋಗಬಲ್ಲದು. ಬಿಸಿಲಿಗೆ ಕಾದ ನೆಲದಿಂದ ಮೇಲೇಳುವ ಗಾಳಿ ಸಿಕ್ಕರೆ ಮತ್ತೆ ಏರುತ್ತೇವೆ, ಮತ್ತೆ ಜಾರುತ್ತೇವೆ, ಹಾಗೇ ಮುನ್ನೂರು ಕಿ.ಮೀ. ಸುತ್ತಿ ಮನೆಗೆ ಬರುತ್ತೇವೆ. ಗಾಳಿ ಸಿಗದಿದ್ದರೆ ಯಾವನೋ ರೈತನ ಹೊಲದಲ್ಲಿ ಇಳಿಯುತ್ತೇವೆ. ಇದರಲ್ಲಿ ಅವಘಡವೇನಿಲ್ಲ. ಹೊಲ ಆರಿಸುವುದನ್ನೂ ಅದರಲ್ಲಿ ಇಳಿಯುವುದನ್ನೂ ನಮಗೆ ಕಲಿಸಿಯೇ ದೂರ ಕಳಿಸುತ್ತಾರೆ. ಇಳಿದ ಮೇಲೆ ಫೋನ್ ಮಾಡಬೇಕು. ಯಾರಾದರೂ ಟ್ರೇಲರ್ ಎಳೆದುಕೊಂಡು ಬರಬೇಕು. ರೆಕ್ಕೆ ಕಳಚಿ, ಒಳಗಿಟ್ಟು, ರಸ್ತೆಯ ಮೇಲೆ ವಾಪಸ್.

ಹಾಗಾಗಿ ಟ್ರೇಲರ್ ಎಳೆಯಲೇಬೇಕಾದ ಸಂಜೆ ನಾನು ಕಾರಿನಲ್ಲಿ ಇರುವುದಿಲ್ಲ, ಗೋಧಿ ಕೊಯ್ದ ಕೂಳೆಯ ನಡುವೆ ನಿಂತಿರುತ್ತೇನೆ. ಹೋಗುವಾಗಿನ ದಾರಿಯೆಲ್ಲ ಸ್ಟಿಯರಿಂಗ್ ಹಿಡಿಯುವವರು ನನ್ನ ಗಂಡ, ಅವರಿಗೆ ಆಗದಿದ್ದರೆ ಕ್ಲಬ್ಬಿನ ಗೆಳತಿ. ಗೊತ್ತಿಲ್ಲದ ಊರು, ಎರಡೂ ಬದಿ ಬೇಲಿ ಬೆಳೆದ ಒಂದೇ ಗಾಡಿಯ ದಾರಿ, ಕತ್ತಲು ಕವಿಯುವ ಹೊತ್ತು, ಬೆನ್ನ ಹಿಂದೆ 9 ಮೀಟರ್ ಉದ್ದದ ಬಿಳಿ ಪೆಟ್ಟಿಗೆ. ಕಾರು ಅವರಿಗೆ ಹೊಂದಬೇಕು. ನನಗೆ ಹೊಂದಿದರೆ ಸಾಲದು.

ಮೊದಲು ಎಂಜಿನ್ನಿನ ಭಯವನ್ನು ಕಳೆದುಬಿಡುತ್ತೇನೆ, ಅದರ ಮೇಲೆ ಅಗತ್ಯಕ್ಕಿಂತ ಹೆಚ್ಚು ಮಾತು ಖರ್ಚಾಗುತ್ತದೆ. ನಮ್ಮ ಥರದ ಒಂಟಿ ಸೀಟಿನ ಗ್ಲೈಡರ್ ಖಾಲಿಯಿದ್ದಾಗ 240–250 ಕೆ.ಜಿ. ಇರುತ್ತದೆ. ಮುಚ್ಚಳ ಮೇಲಕ್ಕೆ ತೆರೆಯುವ ಕೋಬ್ರಾ ಮಾದರಿಯ ಟ್ರೇಲರ್ ಸುಮಾರು 600. ನೆಲದ ಮೇಲೆ ತಳ್ಳಲು ಬೇಕಾದ ಚಕ್ರ, ಹೊದಿಕೆ, ಸಲಕರಣೆ ಎಲ್ಲ ಸೇರಿಸಿದರೂ 900 ಕೆ.ಜಿ.ಯ ಆಸುಪಾಸು. ಇಲ್ಲಿ ಕ್ಯಾರವಾನ್, ಅಂದರೆ ಒಳಗೆ ವಾಸಿಸಬಹುದಾದ ಮನೆಯಂಥ ಟ್ರೇಲರ್, ಎಳೆಯುವವರು ಪಾಲಿಸುವ ಒಂದು ರೂಢಿಯಿದೆ: ಎಳೆಯುವ ತೂಕ ಕಾರಿನ ಸ್ವಂತ ತೂಕದ ನೂರಕ್ಕೆ 85 ಭಾಗ ಮೀರಬಾರದು. ಕಾನೂನಲ್ಲ, ಅನುಭವದಿಂದ ಬಂದ ಅಳತೆ. ಆ ಲೆಕ್ಕಕ್ಕೆ 1,060 ಕೆ.ಜಿ. ತೂಗುವ ಕಾರಾದರೂ ಸಾಕು. ಈಗಿನ ಸಾಧಾರಣ ಸಂಸಾರಸ್ಥ ಕಾರುಗಳೆಲ್ಲ ಅದನ್ನು ದಾಟಿವೆ. ಜೊತೆಗೆ ಗ್ಲೈಡರ್ ಟ್ರೇಲರ್ ಕುಳ್ಳು, ಕಿರಿದು, ಮೂತಿ ದುಂಡು. ಗೋಡೆಯಂತೆ ಗಾಳಿಗೆ ಎದೆಕೊಡುವ ಕ್ಯಾರವಾನಿಗೆ ಹೋಲಿಸಿದರೆ ಗಾಳಿಯ ತಡೆ ತೀರಾ ಕಡಿಮೆ. ಬ್ರಿಟನ್ನಿನಲ್ಲಿ ಟ್ರೇಲರ್ ಎಳೆಯುವ ಕಾರಿಗೆ ಮೋಟರ್‌ವೇಯಲ್ಲೂ ಗಂಟೆಗೆ 60 ಮೈಲಿಯೇ ಮಿತಿ, ಅಂದರೆ ಸುಮಾರು 97 ಕಿ.ಮೀ. ಆ ವೇಗಕ್ಕೆ ದೈತ್ಯ ಎಂಜಿನ್ ಬೇಡ. ಎರಡು ಸೀಟಿನ ಡ್ಯುಯೊ ಡಿಸ್ಕಸ್‌ನಂಥದ್ದು ಇದ್ದವರ ಲೆಕ್ಕ ಬೇರೆ. ಅದು ಖಾಲಿಯಾಗಿಯೇ 410 ಕೆ.ಜಿ., ಟ್ರೇಲರೂ ಅದಕ್ಕೆ ತಕ್ಕಷ್ಟು ದೊಡ್ಡದು.

ಆದರೆ ಆ ಕಾರಿಗೆ ಎಳೆಯುವ ಅನುಮತಿ ಇದೆಯೇ ಎಂಬುದು ಶಕ್ತಿಗಿಂತ ಬೇರೆಯ ವಿಷಯ. ಒಂದು ಸೆಕೆಂಡ್‌ಹ್ಯಾಂಡ್ ಅಂಗಡಿಯಲ್ಲಿ ಹೈಬ್ರಿಡ್ ಕಾರೊಂದನ್ನು ತೋರಿಸಿ "ಇದು ಏನು ಬೇಕಾದರೂ ಎಳೆಯುತ್ತದೆ ಮೇಡಂ" ಎಂದರು. ಬಾಗಿಲ ಕಂಬದ ಮೇಲಿನ ತಗಡಿನ ಪಟ್ಟಿ ನೋಡಿದೆ. ಆ ಪಟ್ಟಿಯಲ್ಲಿ ಸಾಮಾನ್ಯವಾಗಿ ನಾಲ್ಕು ತೂಕಗಳಿರುತ್ತವೆ: ಕಾರು ತುಂಬಿದಾಗ ಇರಬಹುದಾದ ಗರಿಷ್ಠ ತೂಕ, ಕಾರು ಮತ್ತು ಟ್ರೇಲರ್ ಸೇರಿ ಇರಬಹುದಾದ ಗರಿಷ್ಠ ತೂಕ, ಮುಂದಿನ ಆಕ್ಸಲ್, ಹಿಂದಿನ ಆಕ್ಸಲ್. ಎರಡನೆಯದರಿಂದ ಮೊದಲನೆಯದನ್ನು ಕಳೆದರೆ ಕಾರು ತುಂಬಿದಾಗಲೂ ಎಷ್ಟು ಎಳೆಯಬಹುದು ಎಂಬುದು ಸಿಗುತ್ತದೆ. ಅಲ್ಲಿ ಎರಡನೆಯ ತೂಕವೇ ಇರಲಿಲ್ಲ. ಅಂದರೆ ತಯಾರಕರು ಆ ಕಾರಿಗೆ ಎಳೆಯುವ ಅನುಮತಿಯನ್ನೇ ಕೊಟ್ಟಿಲ್ಲ. ಅಂಥದ್ದಕ್ಕೂ ಟ್ರೇಲರ್ ತಗುಲಿಸುವ ಸರಳನ್ನು, ಅಂದರೆ ಟೋ ಬಾರನ್ನು, ಯಾರೋ ಬೆಸೆದುಕೊಟ್ಟಾರು. ಏನಾದರೂ ಆದ ದಿನ ಇನ್ಶೂರೆನ್ಸ್ ಕೈಬಿಡುತ್ತದೆ, ಆಗ ಸ್ಟಿಯರಿಂಗ್ ಹಿಂದೆ ಇರುವವರು ನನಗಾಗಿ ಬಂದವರು. ನಾನು ಅಲ್ಲಿಂದ ಹೊರಟುಬಂದೆ. ಕಾರಿನ ನೋಂದಣಿ ಪತ್ರದಲ್ಲೂ ಈ ಅಂಕಿ ಇರುತ್ತದೆ, ಬ್ರೇಕ್ ಇರುವ ಟ್ರೇಲರಿಗೆ ಬೇರೆ, ಇಲ್ಲದ್ದಕ್ಕೆ ಬೇರೆ. ಬಣ್ಣ ನೋಡುವ ಮೊದಲು ಇದನ್ನು ನೋಡಿ.

ಲೈಸೆನ್ಸಿನ ತೊಡಕು ಈಗ ಇಲ್ಲ. 1997ರ ಜನವರಿ 1ರ ನಂತರ ಕಾರಿನ ಪರೀಕ್ಷೆ ಪಾಸಾದವರು ಭಾರದ ಟ್ರೇಲರ್ ಎಳೆಯಲು ಮತ್ತೊಂದು ಪರೀಕ್ಷೆ ಕೊಡಬೇಕಿತ್ತು. 2021ರ ಡಿಸೆಂಬರ್ 16ರಿಂದ ಆ ನಿಯಮ ತೆಗೆದರು. ಈಗ ಸಾಧಾರಣ ಕಾರ್ ಲೈಸೆನ್ಸಿನಲ್ಲೇ 3,500 ಕೆ.ಜಿ.ವರೆಗಿನ ಟ್ರೇಲರ್ ಎಳೆಯಬಹುದು. ಪರೀಕ್ಷೆ ಹೋಯಿತೆಂದು ಕಲಿಯುವ ಅಗತ್ಯವೂ ಹೋಯಿತು ಅಂದುಕೊಳ್ಳಬಾರದು. ನಮ್ಮ ಮನೆಯವರು ಒಬ್ಬ ಬೋಧಕರ ಬಳಿ ಹಿಮ್ಮುಖ ಓಡಿಸುವುದನ್ನು ದುಡ್ಡು ಕೊಟ್ಟು ಕಲಿತರು. ಆ ದುಡ್ಡು ಯಾವ ಟರ್ಬೋ ಎಂಜಿನ್ನಿಗಿಂತ ಹೆಚ್ಚು ಕೆಲಸಕ್ಕೆ ಬಂದಿದೆ.

ಈಗ ನಿಜವಾದ ವಿಷಯ: ಓಲಾಟ. ಗ್ಲೈಡರ್ ಟ್ರೇಲರ್ ಹಗುರ, ಆದರೆ ಉದ್ದ. ತೂಕ ನಡುವೆ ಗುಡ್ಡೆಯಾಗಿಲ್ಲ, ಈ ತುದಿಯಿಂದ ಆ ತುದಿಯವರೆಗೆ ಹಂಚಿಕೊಂಡಿದೆ. ಉದ್ದಕ್ಕೆ ಹಂಚಿದ ತೂಕ ಒಮ್ಮೆ ಅಡ್ಡಡ್ಡ ತಿರುಗಲು ಶುರುವಾದರೆ ಅದನ್ನು ನಿಲ್ಲಿಸುವುದು ಕಷ್ಟ, ಯಾಕೆಂದರೆ ನಡುವಿನಿಂದ ಇರುವ ದೂರ ದುಪ್ಪಟ್ಟಾದರೆ ತಿರುಗುವುದಕ್ಕೂ ನಿಲ್ಲುವುದಕ್ಕೂ ಅದು ಒಡ್ಡುವ ಹಟ ನಾಲ್ಕು ಪಟ್ಟಾಗುತ್ತದೆ. ಕಡಿಮೆ ವೇಗದಲ್ಲಿ ಅಲುಗಾಟ ತಾನಾಗಿ ಅಡಗುತ್ತದೆ. ವೇಗ ಹೆಚ್ಚಿದಂತೆ ಅಡಗುವ ಗುಣ ಕುಗ್ಗುತ್ತದೆ. ಒಂದು ಮಿತಿ ದಾಟಿದರೆ ಪ್ರತಿ ತೂಗಾಟವೂ ಹಿಂದಿನದಕ್ಕಿಂತ ದೊಡ್ಡದಾಗುತ್ತ ಹೋಗಿ ಕಾರಿನ ಹಿಂಭಾಗವನ್ನೇ ಎಳೆದಾಡುತ್ತದೆ. ಇಳಿಜಾರು, ಪಕ್ಕದಲ್ಲಿ ಹಾದುಹೋಗುವ ಲಾರಿ ತಳ್ಳುವ ಗಾಳಿ, ಗಾಬರಿಯಲ್ಲಿ ತಿರುಗಿಸಿದ ಸ್ಟಿಯರಿಂಗ್, ಇಷ್ಟು ಸಾಕು ಅದು ಶುರುವಾಗಲು. ಶುರುವಾದಾಗ ಮಾಡಬೇಕಾದ್ದು ಒಂದೇ: ಆಕ್ಸಲರೇಟರಿನಿಂದ ಕಾಲು ತೆಗೆದು, ಸ್ಟಿಯರಿಂಗ್ ನೇರ ಹಿಡಿದು, ವೇಗ ತಾನಾಗಿ ಇಳಿಯಲು ಬಿಡುವುದು. ಬ್ರೇಕ್ ಮೇಲೆ ನಿಲ್ಲಬಾರದು, ತಿದ್ದಲು ಹೋಗಬಾರದು.

ಓಲಾಟದ ಮೊದಲ ಮದ್ದು ಇರುವುದು ತೂಕ ಹೇರುವುದರಲ್ಲಿ. ಎತ್ತಿನ ಗಾಡಿ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಮ್ಮ ಅಪ್ಪ ಗಾಡಿಗೆ ಹುಲ್ಲು ಹೇರಿಸುವಾಗ ಮೂಕಿ ಹಿಡಿದು ಎತ್ತಿ ನೋಡುತ್ತಿದ್ದರು. ಹಿಂಭಾರವಾದರೆ ನೊಗ ಮೇಲೆದ್ದು ಎತ್ತಿನ ಕೊರಳು ಬಿಗಿಯುತ್ತದೆ, ಮುಂಭಾರವಾದರೆ ಹೆಗಲು ಕುಸಿಯುತ್ತದೆ. ಟೋ ಬಾಲ್, ಅಂದರೆ ಟ್ರೇಲರಿನ ಕೊಕ್ಕೆ ಕೂರುವ ಕಾರಿನ ಹಿಂದಿನ ಉಕ್ಕಿನ ಗುಂಡು, ಅದರ ಮೇಲೆ ಟ್ರೇಲರ್ ಹೇರುವ ಭಾರದ್ದೂ ಇದೇ ಹದ. ಒಟ್ಟು ತೂಕದ ನೂರಕ್ಕೆ 5ರಿಂದ 7 ಭಾಗ ಅಲ್ಲಿ ಕೂರಬೇಕು. ನಮ್ಮ ಟ್ರೇಲರಿಗೆ ಅದು 45ರಿಂದ 63 ಕೆ.ಜಿ. ಕೊಕ್ಕೆಯ ಕೆಳಗೆ ಮರದ ತುಂಡೊಂದನ್ನು ನಿಲ್ಲಿಸಿ, ಮನೆಯ ತೂಕದ ಮಷಿನ್ ಮೇಲೆ ಇಟ್ಟರೆ ಅಂಕಿ ಸಿಗುತ್ತದೆ.

ಗ್ಲೈಡರ್ ಟ್ರೇಲರಿನಲ್ಲಿ ಈ ಹದ ತಪ್ಪುವುದು ಸುಲಭ. ಗ್ಲೈಡರ್ ಒಳಗೆ ಹೋಗುವುದು ಬಾಲ ಮುಂದಾಗಿ. ಪೈಲಟ್ ಕೂರುವ ಭಾರದ ಭಾಗವೂ ರೆಕ್ಕೆಗಳ ದಪ್ಪ ಬುಡವೂ ಟ್ರೇಲರಿನ ಹಿಂಬಾಗಿಲ ಕಡೆಗೇ ಬರುತ್ತವೆ. ಅದಕ್ಕೆಂದೇ ಆಕ್ಸಲ್ ಹಿಂದಕ್ಕಿರುತ್ತದೆ. ಆ ಬಾಗಿಲ ಬಳಿ ಖಾಲಿ ಜಾಗ ಕಂಡಿತೆಂದು ನೀರಿನ ಕ್ಯಾನು, ಸಲಕರಣೆ ಪೆಟ್ಟಿಗೆ, ಟೆಂಟು ತುರುಕಿದರೆ ಮುಂದಿನ ಭಾರ ಹಾರಿಹೋಗುತ್ತದೆ. ಭಾರದ ಸಾಮಾನೆಲ್ಲ ಕಾರಿನೊಳಗೆ ಬರಬೇಕು, ಪ್ಯಾರಶೂಟ್ ಬ್ಯಾಟರಿ ಸಮೇತ. ಅಂದರೆ ಕಾರಿನ ಡಿಕ್ಕಿ ದೊಡ್ಡದಿರಬೇಕು. ಕಾರು ತನ್ನ ಟೋ ಬಾಲ್ ಮೇಲೆ ಎಷ್ಟು ಭಾರ ತಾಳುತ್ತದೆ ಎಂಬ ಮಿತಿಯೂ ಬೇರೆ ಇದೆ. ಕೆಲವು ಸಣ್ಣ ಕಾರುಗಳಿಗೆ ಅದು 50 ಕೆ.ಜಿ. ಮಾತ್ರ. ಎಳೆಯುವ ತೂಕ ನೋಡಿ ಸಮಾಧಾನಪಟ್ಟವರು ಈ ಸಣ್ಣ ಅಂಕಿಯಲ್ಲಿ ಸಿಕ್ಕಿಬೀಳುತ್ತಾರೆ. ನನ್ನ ಪಟ್ಟಿಯಿಂದ ಎರಡು ಚಂದದ ಹ್ಯಾಚ್‌ಬ್ಯಾಕ್‌ಗಳನ್ನು ಹೊಡೆದುಹಾಕಿದ್ದು ಇದೇ.

ಎರಡನೆಯ ಮದ್ದು ಕಾರಿನ ಆಕಾರದಲ್ಲಿದೆ, ಇದನ್ನು ಮಾರುವವರು ಹೇಳುವುದೇ ಇಲ್ಲ. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ ಉದ್ದವಿರಬೇಕು. ಹಿಂದಿನ ಚಕ್ರದಿಂದ ಟೋ ಬಾಲ್‌ವರೆಗಿನ ದೂರ ಗಿಡ್ಡವಿರಬೇಕು. ಟ್ರೇಲರಿನ ಕೈಗೆ ಸಿಗುವ ಸನ್ನೆಗೋಲು ಈ ಎರಡನೆಯ ದೂರ. ಅದು ಉದ್ದವಾದಷ್ಟೂ ಟ್ರೇಲರ್ ಕಾರನ್ನು ಸುಲಭವಾಗಿ ಆಡಿಸುತ್ತದೆ. ಎರಡು ಕಾರುಗಳಿಗೆ ಒಂದೇ ಎಂಜಿನ್, ಒಂದೇ ತೂಕ ಇದ್ದರೂ ಈ ಒಂದು ಅಳತೆಯಿಂದ ಒಂದು ಶಾಂತ, ಇನ್ನೊಂದು ಕಿರಿಕಿರಿ. ನಾನು ಟೇಪ್ ಹಿಡಿದುಕೊಂಡೇ ಕಾರು ನೋಡಲು ಹೋಗುತ್ತಿದ್ದೆ. ಹಿಂದಿನ ಟೈರುಗಳ ಪಕ್ಕದ ಗೋಡೆ ಗಟ್ಟಿ ಇರಬೇಕು, ಗಾಳಿಯ ಒತ್ತಡ ಪೂರ್ಣ ಭಾರಕ್ಕೆ ಹೇಳಿದಷ್ಟು ಇರಬೇಕು. ಟೋ ಬಾಲನ್ನು ಬಿಗಿಯಾಗಿ ಅಪ್ಪಿ ತಿಕ್ಕಾಟದಿಂದ ಓಲಾಟ ತಗ್ಗಿಸುವ ಆಲ್ಕೋ ಥರದ ಸ್ಟೆಬಿಲೈಸರ್ ಬರುತ್ತದೆ. ಅದನ್ನು ಹಾಕಿದವರು ಬಾಲಿಗೆ ಗ್ರೀಸ್ ಹಚ್ಚಬಾರದು. ಈಚಿನ ಅನೇಕ ಕಾರುಗಳು ಓಲಾಟವನ್ನು ತಾವೇ ಗುರುತಿಸಿ ಒಂದೊಂದು ಚಕ್ರಕ್ಕೆ ಬೇರೆ ಬೇರೆ ಬ್ರೇಕ್ ಕೊಟ್ಟು ಅಡಗಿಸುತ್ತವೆ. ಆದರೆ ಹಿಂದೆ ಟ್ರೇಲರ್ ಇದೆ ಎಂದು ಕಾರಿಗೆ ತಿಳಿಯಬೇಕಾದರೆ ಆ ಮಾದರಿಗೆಂದೇ ಮಾಡಿದ ವೈರಿಂಗ್ ಹಾಕಿಸಿರಬೇಕು. ಅಗ್ಗದ ವೈರಿಂಗ್ ದೀಪ ಉರಿಸುತ್ತದೆ, ಅಷ್ಟೇ. ಇವೆಲ್ಲ ಇದ್ದರೂ ತೂಕ ಹೇರುವ ಹದಕ್ಕೆ ಬದಲಿ ಇಲ್ಲ.

ಇನ್ನು ಹೊಲ. ಇಂಗ್ಲೆಂಡಿನ ಹುಲ್ಲು ಸಂಜೆಯ ಇಬ್ಬನಿಗೇ ಜಾರುತ್ತದೆ, ಮಳೆಯೇ ಬೇಕಿಲ್ಲ. ಟ್ರೇಲರಿನ ಭಾರ ಕಾರಿನ ಹಿಂಭಾಗವನ್ನು ಒತ್ತಿ ಮೂತಿಯನ್ನು ಹಗುರ ಮಾಡುತ್ತದೆ. ಮುಂದಿನ ಚಕ್ರ ಎಳೆಯುವ ಕಾರಿಗೆ ಹಿಡಿತ ಕಡಿಮೆಯಾಗುವುದು ಅದು ತೀರಾ ಬೇಕಾದ ಜಾಗದಲ್ಲೇ. ಗೇಟಿನ ಬಳಿಯ ಸಣ್ಣ ಏರು, ದನ ತುಳಿದ ಕೆಸರು, ಅಲ್ಲಿ ಚಕ್ರ ಸುಮ್ಮನೆ ತಿರುಗುತ್ತದೆ. ನಾಲ್ಕೂ ಚಕ್ರ ಎಳೆಯುವ ಕಾರು ಈ ಜಾಗದಲ್ಲಿ ತನ್ನ ಬೆಲೆ ತೋರಿಸುತ್ತದೆ. ಆದರೆ ಇಲ್ಲಿ ನನ್ನದೊಂದು ಗಟ್ಟಿ ಅಭಿಪ್ರಾಯವಿದೆ: ರಸ್ತೆ ಟೈರ್ ಹಾಕಿದ, ನಾಲ್ಕೂ ಚಕ್ರ ಎಳೆಯುವ ಕಾರಿಗಿಂತ, ಎಲ್ಲ ಋತುವಿನ ಒಳ್ಳೆಯ ಟೈರ್ ಹಾಕಿದ, ಎರಡೇ ಚಕ್ರ ಎಳೆಯುವ ಕಾರು ಒಳ್ಳೆಯ ಸಂಗಾತಿ. ಇರುವ ದುಡ್ಡಿನಲ್ಲಿ ಒಂದೇ ಸಾಧ್ಯವಾದರೆ ಟೈರಿಗೆ ಹಾಕಿ. ಒದ್ದೆ ಹೊಲವಾದರೆ ಕಾರನ್ನು ಗಟ್ಟಿ ನೆಲದಲ್ಲೇ ನಿಲ್ಲಿಸಿ, ರೆಕ್ಕೆಗಳನ್ನು ಹೊತ್ತು ತರುವ ದಾರಿಯೂ ಇದೆ. ರೈತನ ಬೆಳೆ ತುಳಿಯುವುದಕ್ಕಿಂತ ಅದೇ ಮರ್ಯಾದೆ.

ಹಾಗಾದರೆ ಎತ್ತರದ ದೊಡ್ಡ ಎಸ್‌ಯುವಿ ಕೊಂಡುಬಿಡಬಹುದಲ್ಲ? ಕ್ಲಬ್ಬಿನಲ್ಲಿ ಹಾಗೆ ಕೊಂಡವರು ಇದ್ದಾರೆ, ಅವರ ಕೃಪೆಯಿಂದ ನಮಗೂ ಓಡಿಸಿ ನೋಡಲು ಸಿಕ್ಕಿತು. ಎರಡು ತೊಡಕು ಕಂಡವು. ಸಾಧಾರಣ ಕಾರುಗಳಲ್ಲಿ ಟೋ ಬಾಲ್ ನೆಲದಿಂದ 350ರಿಂದ 420 ಮಿ.ಮೀ. ಎತ್ತರದಲ್ಲಿ ಇರಬೇಕೆಂಬ ನಿಯಮವಿದೆ. ಗುಡ್ಡಗಾಡಿನ ಗಾಡಿಗಳಿಗೆ ಅದರಿಂದ ವಿನಾಯಿತಿ. ಬಾಲ್ ಎತ್ತರವಾದರೆ ಟ್ರೇಲರಿನ ಮೂತಿ ಮೇಲೇಳುತ್ತದೆ, ಬಾಲ ಕೆಳಗಿಳಿಯುತ್ತದೆ. ಆಕ್ಸಲಿನ ಹಿಂದೆ ಅಷ್ಟು ಉದ್ದ ಚಾಚಿರುವ ಪೆಟ್ಟಿಗೆ ಹೊಲದ ಗೇಟು ದಾಟುವಾಗ ನೆಲ ಕೆರೆಯುತ್ತದೆ. ಇನ್ನೊಂದು, ಎತ್ತರದ ಕಾರಿನ ಹಿಂಗಾಜಿನಿಂದ ಕುಳ್ಳ ಟ್ರೇಲರ್ ಕಾಣುವುದೇ ಇಲ್ಲ. ಚಾವಣಿ ಡಿಕ್ಕಿಯ ಮೇಲೂ ಚಾಚಿರುವ ತಗ್ಗಿನ ಎಸ್ಟೇಟ್ ಕಾರಿನಲ್ಲಾದರೆ ಕನ್ನಡಿಯ ತುಂಬ ಅದರ ಬಿಳಿ ಬೆನ್ನು ಕಾಣುತ್ತದೆ, ಹಿಮ್ಮುಖ ಹೋಗುವಾಗ ಅದು ಎತ್ತ ತಿರುಗುತ್ತಿದೆ ಎಂಬುದು ಆ ಕ್ಷಣಕ್ಕೇ ತಿಳಿಯುತ್ತದೆ. ಉದ್ದದ ಟ್ರೇಲರ್ ನಿಧಾನಕ್ಕೆ ತಿರುಗುವುದರಿಂದ ಹಿಮ್ಮುಖ ಓಡಿಸಲು ಗಿಡ್ಡದ್ದಕ್ಕಿಂತ ಸಲೀಸು, ಆದರೆ ಅದು ಕಾಣಬೇಕು. ಎಸ್‌ಯುವಿಯಿಂದ ಇಳಿದ ನನ್ನ ಗಂಡ ಹೇಳಿದ್ದು ಇಷ್ಟೇ: "ಇದು ಎಳೆಯುತ್ತೆ, ಚೆನ್ನಾಗೇ ಎಳೆಯುತ್ತೆ. ಆದ್ರೆ ಹಿಂದೆ ಏನಾಗ್ತಿದೆ ಅಂತ ನಂಗೆ ಗೊತ್ತಾಗಲ್ಲ ಕಣೇ. ಕತ್ತಲಲ್ಲಿ ಈ ಕಾರು ಬೇಡ."

ನನಗೆ ಆ ಮಾತು ಸಾಕಾಯಿತು.

ಎಲೆಕ್ಟ್ರಿಕ್ ಕಾರಿನ ಆಸೆ ನನಗೆ ಇದ್ದದ್ದು ನಿಜ, ಈಗಲೂ ಇದೆ. ಗಾಳಿಯ ಶಕ್ತಿಯಲ್ಲೇ ಹಾರುವವಳು ಟ್ರೇಲರಿಗೆ ಡೀಸೆಲ್ ಸುಡುವುದು ಮನಸ್ಸಿಗೆ ಒಪ್ಪುವುದಿಲ್ಲ. ಗೆಳೆಯರೊಬ್ಬರ ಎಲೆಕ್ಟ್ರಿಕ್ ಕಾರಿನಲ್ಲಿ ನಮ್ಮ ಟ್ರೇಲರ್ ಎಳೆದು ನೋಡಿದಾಗ ಬೆರಗಾಯಿತು. ನಿಂತ ಜಾಗದಿಂದಲೇ ಪೂರ್ತಿ ಬಲ ಬರುವುದರಿಂದ ಏರಿನಲ್ಲಿ ಹೊರಡುವುದು ಮಕ್ಕಳಾಟ, ಹೊಲದಲ್ಲಿ ಅಂಗುಲ ಅಂಗುಲ ಸರಿಸುವುದೂ ಸಲೀಸು. ಕೆಲವು ಡ್ಯುಯಲ್ ಕ್ಲಚ್ ಆಟೊಮ್ಯಾಟಿಕ್‌ಗಳಲ್ಲಿ ಈ ನಿಧಾನದ ಸರಿದಾಟಕ್ಕೆ ಕ್ಲಚ್ ಕಾದುಹೋಗುತ್ತದೆ, ಇದರಲ್ಲಿ ಆ ಚಿಂತೆಯೇ ಇಲ್ಲ. ಬ್ಯಾಟರಿಯ ಭಾರ ಕೆಳಗಿರುವುದರಿಂದ ಕಾರು ನೆಲಕ್ಕೆ ಅಂಟಿಕೊಂಡಂತೆ ಹೋಗುತ್ತದೆ. ಆದರೆ ಅನುಮತಿಯ ಅಂಕಿ ಇಲ್ಲೂ ನೋಡಬೇಕು. ಹಳೆಯ ನಿಸ್ಸಾನ್ ಲೀಫ್‌ಗಳಿಗೆ ಇಲ್ಲಿ ಟ್ರೇಲರ್ ಎಳೆಯುವ ಅನುಮತಿಯೇ ಇಲ್ಲ. ಟೆಸ್ಲಾ ಮಾಡೆಲ್ 3ಕ್ಕೆ 1,000 ಕೆ.ಜಿ., ಮಾಡೆಲ್ ವೈಗೆ 1,600. ಬರೀ ಅಂಕಿಯ ಮೇಲೆ ನಮ್ಮ ಕೆಲಸ ಆಗುತ್ತಿತ್ತು.

ನಮ್ಮನ್ನು ತಡೆದದ್ದು ಚಾರ್ಜಿಂಗ್. ನಾನು ಎಲ್ಲಿ ಇಳಿಯುತ್ತೇನೆ ಎಂಬುದು ಬೆಳಿಗ್ಗೆ ನನಗೂ ಗೊತ್ತಿರುವುದಿಲ್ಲ. ನೂರೈವತ್ತು ಕಿ.ಮೀ. ಹೋಗಿ ನೂರೈವತ್ತು ಬರಬೇಕಾಗಬಹುದು, ಎರಡೂ ದಿಕ್ಕು ಟ್ರೇಲರ್ ಸಮೇತ. ರಸ್ತೆ ಬದಿಯ ಚಾರ್ಜರುಗಳಲ್ಲಿ ಹೆಚ್ಚಿನವು ಒಂಟಿ ಕಾರು ಮೂತಿ ತೂರಿಸಿ ನಿಲ್ಲುವಂತೆ ಕಟ್ಟಿದವು. ಟ್ರೇಲರನ್ನು ಎಲ್ಲೋ ಕಳಚಿಟ್ಟು, ಚಾರ್ಜ್ ಮಾಡಿ, ಮತ್ತೆ ತಗುಲಿಸಬೇಕು. ರಾತ್ರಿ ಹನ್ನೊಂದಕ್ಕೆ ಒಬ್ಬರೇ ಇದನ್ನು ಮಾಡುವ ಹೊರೆಯನ್ನು ನಾನು ಇನ್ನೊಬ್ಬರ ಮೇಲೆ ಹಾಕಲಾರೆ. ಅಕ್ಟೋಬರಿನಲ್ಲಿ ಪರ್ವತ ದಾಟಿ ಬೀಸುವ ಗಾಳಿಯಲ್ಲಿ ಏಳುವ ಅಲೆಗಳ ಮೇಲೆ ಹಾರಲು ಸ್ಕಾಟ್‌ಲೆಂಡಿನ ಅಬೋಯ್ನ್‌ಗೆ ಹೋಗುವಾಗ ದಾರಿ 800 ಕಿ.ಮೀ.ಗೂ ಹೆಚ್ಚು, ಅಲ್ಲೂ ಇದೇ ಪಾಡು. ಏರ್‌ಫೀಲ್ಡಿನಲ್ಲೇ ಚಾರ್ಜರ್ ಇದ್ದು, ಬೆಟ್ಟದ ಸುತ್ತಮುತ್ತಲೇ ಹಾರುವವರಿಗೆ ಎಲೆಕ್ಟ್ರಿಕ್ಕೇ ಸರಿ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ. ನಮ್ಮ ಮುಂದಿನ ಕಾರು ಅದೇ ಆಗುವ ಸಾಧ್ಯತೆಯೂ ಇದೆ.

ಫ್ರಾನ್ಸಿನ ಆಲ್ಪ್ಸ್‌ಗೆ ಟ್ರೇಲರ್ ಒಯ್ಯುವವರು ಇನ್ನೊಂದು ಲೆಕ್ಕ ಹಾಕಬೇಕು. ಗ್ರೆನೋಬ್ಲ್‌ನಿಂದ ಸಿಸ್ಟರಾನ್ ಕಡೆಗಿನ ದಾರಿ 1,179 ಮೀಟರ್ ಎತ್ತರದ ಕ್ರ್ವಾ ಓಟ್ ಕಣಿವೆಮಾರ್ಗವನ್ನು ದಾಟುತ್ತದೆ. ತಯಾರಕರು ಕೊಡುವ ಎಳೆಯುವ ತೂಕಕ್ಕೆ ಯುರೋಪಿನ ಪರೀಕ್ಷೆ ಎಂದರೆ ಶೇಕಡಾ 12ರ ಏರಿನಲ್ಲಿ ಐದು ನಿಮಿಷದೊಳಗೆ ಐದು ಸಲ ನಿಂತು ಹೊರಡುವುದು. ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗಿ ಎಂಜಿನ್ನಿನ ಬಲ ಇಳಿಯುತ್ತದೆ. ಆದರೂ ಬೆಟ್ಟದಲ್ಲಿ ನನಗೆ ಏರಿಗಿಂತ ಇಳಿಜಾರಿನ ಚಿಂತೆಯೇ ಹೆಚ್ಚು. ಟ್ರೇಲರ್ ಕಾರನ್ನು ಹಿಂದಿನಿಂದ ತಳ್ಳಿದಾಗ ಮಾತ್ರ ಅದರ ಸ್ವಂತ ಬ್ರೇಕ್ ಹಿಡಿಯುವುದು. ಉದ್ದದ ಇಳಿಜಾರಿನಲ್ಲಿ ಅದು ಹಿಡಿದುಕೊಂಡೇ ಇದ್ದು ಕಾಯುತ್ತದೆ. ಇಳಿಯಲು ಶುರುಮಾಡುವ ಮೊದಲೇ ಕೆಳಗಿನ ಗೇರಿಗೆ ಬಂದು ನಿಧಾನವಾಗಿ ಇಳಿಯುವುದೊಂದೇ ದಾರಿ.

ಕೊನೆಗೆ ನಾವು ಕೊಂಡದ್ದು ನಾಲ್ಕೂ ಚಕ್ರ ಎಳೆಯುವ ಸ್ಕೋಡಾ ಆಕ್ಟೇವಿಯಾ ಎಸ್ಟೇಟ್, ಡೀಸೆಲ್, ಸೆಕೆಂಡ್‌ಹ್ಯಾಂಡ್. ಲಂಡನ್ನಿನ ಹೊಗೆ ನಿಯಮಕ್ಕಾಗಿ ಯುರೋ 6 ಎಂಬ ಹೊಗೆಮಿತಿಗೆ ಒಳಪಟ್ಟ ಎಂಜಿನ್ನಿನದೇ ಆಗಬೇಕಿತ್ತು. ಮೂರು ಕಾರುಗಳಲ್ಲಿ ಇದನ್ನೇ ಆರಿಸಿದವರು ನನ್ನ ಗಂಡ, ಮೂರರಲ್ಲೂ ಟ್ರೇಲರ್ ಕಟ್ಟಿ ಹಳ್ಳಿದಾರಿಯಲ್ಲಿ ಓಡಿಸಿ, ಏರ್‌ಫೀಲ್ಡಿನ ಮೂಲೆಯಲ್ಲಿ ಹಿಮ್ಮುಖ ತಿರುಗಿಸಿ ನೋಡಿದ ಮೇಲೆ. ಹಿಂದಿನ ಸೀಟು ಮಡಚಿದರೆ ಇಬ್ಬರು ಕಾಲು ಚಾಚಿ ಮಲಗಬಹುದು. ಗೆಳತಿಯೂ ಓಡಿಸಬಹುದಾದ ಇನ್ಶೂರೆನ್ಸ್ ಮಾಡಿಸಿದ್ದೇವೆ. ಆ ಮಾದರಿಗೆಂದೇ ಮಾಡಿದ 13 ಪಿನ್ನಿನ ಸಾಕೆಟ್ ಹಾಕಿಸಿದ್ದೇವೆ. ಟ್ರೇಲರಿನ ಸ್ಟೆಪ್ನಿಗೆ ಗಾಳಿ ತುಂಬಿಸಿ, ಅದಕ್ಕೆ ಹೊಂದುವ ಜಾಕ್ ಮತ್ತು ಸ್ಪ್ಯಾನರ್ ಕಾರಿನಲ್ಲೇ ಇಟ್ಟಿದ್ದೇವೆ. ಕಾರಿನ ಜಾಕ್ ಅದಕ್ಕೆ ಆಗುವುದಿಲ್ಲ. ಕಾರಿನ ಕೀ ಮಾತ್ರ ನನ್ನ ಜೇಬಿನಲ್ಲಿ ಮೇಲೆ ಹೋಗುವಂತಿಲ್ಲ. ಕಾಕ್‌ಪಿಟ್ ಮುಚ್ಚುವ ಮೊದಲು ಅದನ್ನು ಕಾರು ಓಡಿಸುವವರ ಕೈಗೆ ಕೊಡುತ್ತೇನೆ, ಟ್ರೇಲರ್ ಆಗಲೇ ಕಾರಿಗೆ ತಗುಲಿಸಿಯಾಗಿರುತ್ತದೆ.